ಕುಂಬಳಕಾಯಿಯ ಜಾಗ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಗೊತ್ತಿಲ್ಲ. ಮೊದಲು, ಕೆಲಸ ಬಿಟ್ಟ ಮೇಲೆ ಬರೆದರಾಯಿತು ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದುಕೊಂಡೆ. ಪೊರೆ ತೆಗೆಸಿ ಎರಡು ವರ್ಷವಾಯಿತು. ಅಕ್ಷರ ಚೆನ್ನಾಗಿ ಕಾಣುತ್ತದೆ. ಹೇಳಿಕೊಳ್ಳಲು ಇನ್ನೊಂದು ನೆಪ ಸಿಗಲಿಲ್ಲ, ಅದಕ್ಕೆ ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ ಮೇಲೆ ಹೊಸದುರ್ಗ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸಿದಾಗ ಅದಕ್ಕೆ ವೈರಿಂಗ್ ಮಾಡಿದವನು ನಮ್ಮ ಊರಿನವನೇ. ಅವನಪ್ಪ ಕುಲುಮೆ ಇಟ್ಟಿದ್ದ, ಅಜ್ಜ ಬೀಗ ರಿಪೇರಿ ಮಾಡುತ್ತಿದ್ದ. ಇವನು ಕರೆಂಟಿನ ಕೆಲಸ ಕಲಿತ. ಊರಲ್ಲಿ ಎಲ್ಲರೂ ಅವನನ್ನು ವೈರಿಂಗ್ ಭಾಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಅವನದೊಂದು ಪದ್ಧತಿ ಇತ್ತು. ಗೋಡೆ ಕೊರೆದು ಪೈಪು ಕೂರಿಸಿದ ಮೇಲೆ, ಗಿಲಾವು ಬೀಳುವ ಮುಂಚೆ, ಗಾರೆಯವರನ್ನು ಅರ್ಧ ದಿನ ನಿಲ್ಲಿಸುತ್ತಿದ್ದ. ಹಳೆಯ ಮದುವೆ ಕಾರ್ಡುಗಳ ಒಂದು ಕಟ್ಟು ಅವನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಕಾರ್ಡಿನ ಖಾಲಿ ಬದಿಯಲ್ಲಿ ಒಂದೊಂದು ಗೋಡೆಯ ಚಿತ್ರ ಬರೆದು, ಪೈಪು ಎಲ್ಲಿ ಇಳಿದಿದೆ, ಎಲ್ಲಿ ತಿರುಗಿದೆ ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಗೇಣು ಲೆಕ್ಕದಲ್ಲಿ ಅಳತೆ ಹಾಕಿ ಮನೆಯವರ ಕೈಗೆ ಕೊಡುತ್ತಿದ್ದ. ಮೂಲೆಯಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಬರೆಯುವ ಮುಂಚೆ ಮನೆಯವರನ್ನು ಕೇಳುತ್ತಿದ್ದ: ದೇವರ ಫೋಟೊ ಯಾವ ಗೋಡೆಗೆ, ಹಿರಿಯರ ಫೋಟೊ ಎಲ್ಲಿ, ಕನ್ನಡಿ ಎಲ್ಲಿ.

ನಮ್ಮ ಮನೆಯ ಬಾಗಿಲ ಎದುರು ನಿಂತು, ತಲೆ ಎತ್ತಿ ನೋಡುತ್ತಾ, "ಅಕ್ಕ, ಅಮಾಸೆಗೆ ಕುಂಬಳಕಾಯಿ ಎಲ್ಲಿ ಕಟ್ತೀರಿ?" ಎಂದ.

"ಬಾಗ್ಲು ನಡುಮಧ್ಯ. ಇನ್ನೆಲ್ಲಿ ಕಟ್ತಾರೆ?" ಎಂದಳು ನನ್ನ ಹೆಂಡತಿ. "ನಿಂಗ್ಯಾಕಪ್ಪಾ ನಮ್ಮ ಕುಂಬಳಕಾಯಿ ಚಿಂತೆ?"

"ನಿಮ್ಮ ಕುಂಬಳಕಾಯಿ ಚಿಂತೆ ಅಲ್ಲಕ್ಕ, ನನ್ನ ಪೈಪಿಂದು. ಅದಕ್ಕೆ ಕೊಕ್ಕೆ ಹೊಡೀತೀರಲ್ಲ, ಅಲ್ಲಿಂದ ನಾನು ಸರಕೊಂಡು ಹೋಗ್ಬೇಕು."

ಹಾಗೆಂದು, ಸೂರಿನಿಂದ ಜಗಲಿಯ ದೀಪಕ್ಕೆ ಇಳಿಯುವ ಪೈಪನ್ನು ಬಾಗಿಲ ನಡುವಿನಿಂದ ಒಂದು ಗೇಣು ಬಲಕ್ಕೆ ಇಳಿಸಿ, ಬಾಗಿಲ ಮೇಲಿನ ಕಾಂಕ್ರೀಟ್ ಪಟ್ಟಿಯಾದ ಲಿಂಟಲ್ ಮೇಲೆ ತಿರುಗಿಸಿ, ಬಲಗಡೆ ಮೂಲೆಗೆ ಒಯ್ದ. ಕಾರ್ಡಿನಲ್ಲಿ ಬಾಗಿಲು ಬರೆದು, ಅದರ ಮೇಲೆ ತೊಟ್ಟಿನ ಸಮೇತ ಒಂದು ಪುಟ್ಟ ಕುಂಬಳಕಾಯಿ ಬರೆದ. ಹೆಂಡತಿ ನೋಡಿ ನಕ್ಕಳು. ಅವನು ನಗದೆ ನನಗೆ ಹೇಳಿದ: "ಕಂಡಕ್ಟ್ರೇ, ಇದನ್ನ ಜೋಪಾನ ಮಾಡ್ರಿ. ಮುಂದೆ ಗೋಡೆ ಮುಟ್ಟಿದ್ರೆ ಮೊದ್ಲು ನನ್ನ ಕರೀರಿ, ಇಲ್ಲಾಂದ್ರೆ ಇದನ್ನ ನೋಡ್ರಿ."

ಕಾರ್ಡುಗಳನ್ನು ನನ್ನ ಕಬ್ಬಿಣದ ಟ್ರಂಕಿನಲ್ಲಿ, ಮನೆಯ ಪತ್ರಗಳ ಜೊತೆ ಇಟ್ಟೆ.

ಆರು ವರ್ಷ ಕಳೆದ ಮೇಲೆ ನನಗೆ ಬಾಗಿಲು ಅಗಲ ಮಾಡಿಸುವ ಹುಕಿ ಬಂತು. ಎರಡು ಕದದ ತೇಗದ ಬಾಗಿಲು, ಅದರ ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು. ನಮ್ಮ ಬೀದಿಯಲ್ಲಿ ಇಬ್ಬರು ಹಾಗೆ ಮಾಡಿಸಿದ್ದರು. ಎಡಗಡೆ ಸ್ವಿಚ್ ಬೋರ್ಡು ಇದ್ದದ್ದರಿಂದ ಬಲಗಡೆಗೇ ಒಂದೂವರೆ ಅಡಿ ಒಡೆಯಬೇಕಾಯಿತು. ಗಾರೆಯವನು, "ಲಿಂಟಲ್ ಮನೆ ಸುತ್ತ ಐತೆ, ಮ್ಯಾಲಿಂದು ನಾನು ಮುಟ್ಟಲ್ಲ. ವೈರಿನೋನು ಬ್ಯಾಡ ಬಿಡ್ರಿ" ಎಂದ. ಆದರೂ ಭಾಯಿಗೆ ಹೇಳಿ ಕಳಿಸಿದೆ. ಅವನು ಹೊಸದುರ್ಗದಲ್ಲಿ ಒಂದು ಮನೆ ಹಿಡಿದಿದ್ದ, ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದ. ಅಮಾವಾಸ್ಯೆಗೆ ಮೂರೇ ದಿನ ಇತ್ತು. ಹೊಸ ಬಾಗಿಲಿಗೆ ಕುಂಬಳಕಾಯಿ ಕಟ್ಟದೆ ಅಮಾವಾಸ್ಯೆ ದಾಟಬಾರದು ಎಂದು ನಾನೇ ಹೇಳಿದೆ. ಹೆಂಡತಿ ಏನೂ ಹೇಳಿರಲಿಲ್ಲ.

ಅಮಾವಾಸ್ಯೆಯ ತಿಥಿ ಹಿಂದಿನ ದಿನ ಮಧ್ಯಾಹ್ನವೇ ಹಿಡಿದಿತ್ತು. ಅವತ್ತೇ ಕಟ್ಟೋಣ ಎಂದು ರಜೆ ಹಾಕಿದ್ದೆ. ಗಾರೆಯವನ ಡ್ರಿಲ್ ಯಂತ್ರ ಇನ್ನೂ ನಮ್ಮಲ್ಲೇ ಇತ್ತು. ಹೊಸ ಬಾಗಿಲ ಅಗಲವನ್ನು ದಾರದಲ್ಲಿ ಅಳೆದು, ದಾರ ಮಡಚಿ ನಡು ಹಿಡಿದು, ಲಿಂಟಲ್ ಮೇಲಿನ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನಡು ಸರಿಯಾಗಿ ಬಂತು. ಬಾಗಿಲು ಬಲಕ್ಕೆ ಒಂದೂವರೆ ಅಡಿ ಬೆಳೆದರೆ ನಡುವೂ ಮುಕ್ಕಾಲು ಅಡಿ ಬಲಕ್ಕೆ ಹೋಗುತ್ತದೆ. ಮುಕ್ಕಾಲು ಅಡಿ ಎಂದರೆ ಒಂದು ಗೇಣು. ಈ ಲೆಕ್ಕ ಈಗ ಬರೆಯುವಾಗ ಎಷ್ಟು ಸುಲಭವಾಗಿದೆ. ಟ್ರಂಕು ಒಳಗಿನ ಕೋಣೆಯಲ್ಲಿತ್ತು. ಏಣಿ ಹಾಕಿಕೊಂಡು ಮೇಲೆ ನಿಂತಿದ್ದೆ, ಇಳಿಯಲು ಬೇಜಾರಾಯಿತು.

ಡ್ರಿಲ್ ಮೊದಲು ಗಟ್ಟಿಯಾಗಿ ಹೋಯಿತು. ಆಮೇಲೆ ಒಮ್ಮೆಗೇ ಮೆತ್ತಗಾಗಿ ಒಳಕ್ಕೆ ಜಾರಿತು. ಇಟ್ಟಿಗೆ ಹಾಗೆ ಮೆತ್ತಗಾಗುವುದಿಲ್ಲ ಎಂದು ನನ್ನ ಕೈಗೆ ಆಗಲೇ ಗೊತ್ತಾಯಿತು. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಡ್ರಿಲ್ ಬಿಟ್ಟಿನ ತುದಿಯಲ್ಲಿ ಕೆಂಪು ಧೂಳಿನ ಜೊತೆ ಬಿಳಿಯ ಪ್ಲಾಸ್ಟಿಕ್ ಚೂರು ಸುರುಳಿ ಸುತ್ತಿಕೊಂಡಿತ್ತು. ಅದನ್ನು ಪಂಚೆಗೆ ಒರೆಸಿದೆ. ಜಗಲಿಯ ದೀಪದ ಸ್ವಿಚ್ಚು ಆಗ ಆರಿಸಿಯೇ ಇತ್ತು, ಏನೂ ಆಗಲಿಲ್ಲ. ಉದ್ದನೆಯ ಕಬ್ಬಿಣದ ಕೊಕ್ಕೆಯನ್ನು ತಿರುಗಿಸಿ ಬಿಗಿ ಮಾಡಿದೆ. ಕುಂಬಳಕಾಯಿ ಭಾರವಿತ್ತು. ಹಗ್ಗ ತಡೆಯಲಿಕ್ಕಿಲ್ಲ ಎಂದು ಕಂಬಿ ಕಟ್ಟುವ ತಂತಿಯಲ್ಲಿ ಬಿಗಿದು, ಗಾಳಿಗೆ ಅಲ್ಲಾಡದಿರಲಿ ಎಂದು ತಂತಿಯ ತುದಿಯನ್ನು ಗ್ರಿಲ್ಲಿನ ಚೌಕಟ್ಟಿಗೆ ಸುತ್ತಿದೆ. ಅರಿಶಿನ ಕುಂಕುಮ ಹಚ್ಚಿ ಕೆಳಗಿಳಿದು, ಬೀದಿಗೆ ಹೋಗಿ ನಿಂತು ನೋಡಿದೆ. ಚೆನ್ನಾಗಿ ಕಂಡಿತು.

ಬೆಳಿಗ್ಗೆ ಹೆಂಡತಿ ಎದ್ದಾಗ ಇನ್ನೂ ಮಬ್ಬು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಜಗಲಿಯ ದೀಪ ಹಾಕಿದಳು. ನೀರಿನ ಬಕೆಟ್ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಗ್ರಿಲ್ ತಳ್ಳಿದಳು. ಬಕೆಟ್ ಬಿದ್ದ ಸದ್ದಿಗೆ ನಾನು ಎದ್ದು ಬಂದೆ. ಅವಳು ನಿಂತೇ ಇದ್ದಳು. ಕೈ ಗ್ರಿಲ್ಲಿಗೆ ಹತ್ತಿಕೊಂಡಿತ್ತು. ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಮೇನ್ ಸ್ವಿಚ್ಚು ಆರಿಸಿದೆ. ಅವಳು ಕುಸಿದು ಕೂತಳು, ನೀರಿನಲ್ಲೇ.

ಜೀವ ಉಳಿಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಬಲಗೈಯ ಮೂರು ಬೆರಳು ಸುಟ್ಟಿದ್ದವು. ಗಾಯ ಮಾಯಿತು, ಸ್ಪರ್ಶ ಬರಲಿಲ್ಲ. ಈಗಲೂ ಆ ಬೆರಳುಗಳಿಗೆ ಬಿಸಿ ತಂಪು ತಿಳಿಯುವುದಿಲ್ಲ. ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡುತ್ತಾಳೆ. ರೊಟ್ಟಿಯನ್ನು ಎಡಗೈಯಲ್ಲಿ ತಟ್ಟುವುದು ಕಲಿತಳು. ಮೊದಮೊದಲು ರೊಟ್ಟಿ ಒಂದು ಕಡೆ ದಪ್ಪ ಬರುತ್ತಿತ್ತು. ನಾನು ಮಾತಾಡದೆ ತಿನ್ನುತ್ತಿದ್ದೆ.

ಸುದ್ದಿ ಕೇಳಿ ಭಾಯಿ ಮರುದಿನ ಮೊದಲ ಬಸ್ಸಿಗೇ ಹೊಸದುರ್ಗದಿಂದ ಬಂದ. ನಾನು ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ. ನನ್ನ ಭಾಮೈದ, ಹೆಂಡತಿಯ ತಮ್ಮ, ಹಿರೇಗುಂಟನೂರಿನಿಂದ ಬಂದು ಜಗಲಿಯ ಮೇಲೆ ಕೂತಿದ್ದ. ಬೀದಿಯವರು ಏಳೆಂಟು ಜನ ನಿಂತಿದ್ದರು. ಭಾಯಿ ಯಾರನ್ನೂ ಮಾತಾಡಿಸದೆ ಬೋರ್ಡಿನಲ್ಲಿ ಜಗಲಿಯ ಲೈನು ಕತ್ತರಿಸಿ, ಏಣಿ ಹತ್ತಿ, ತಂತಿ ಬಿಚ್ಚಿ, ಇಕ್ಕಳದಲ್ಲಿ ಕೊಕ್ಕೆ ತಿರುಗಿಸಿ ಹೊರಗೆ ತೆಗೆದ. ತುದಿ ಕಪ್ಪಾಗಿತ್ತು. ಅದನ್ನು ನೋಡಿದ, ಬಾಗಿಲು ನೋಡಿದ, ನನ್ನನ್ನು ನೋಡಿದ.

"ಬಾಗ್ಲು ಬಲಕ್ಕೆ ಅಗಲ ಮಾಡಿದೀರಿ. ನಡು ಸರಿದೈತೆ" ಎಂದ.

ಭಾಮೈದ ಎದ್ದು ನಿಂತ. "ಲೇ, ನಡು ಗಿಡು ಕಥೆ ಹೇಳ್ಬ್ಯಾಡ. ಬಾಗ್ಲು ಮ್ಯಾಲೆ ವೈರು ಯಾಕೆ ಎಳೆದಿದ್ದೆ? ಅಮಾಸೆಗೆ ಅಲ್ಲಿ ಕುಂಬಳಕಾಯಿ ಕಟ್ತಾರೆ ಅಂತ ಹುಟ್ಟಿದ ಕೂಸಿಗೂ ಗೊತ್ತೈತೆ. ನಿಮಗೇನು ಗೊತ್ತು ನಮ್ಮ ಪದ್ಧತಿ!"

"ಗೊತ್ತೈತಣ್ಣ. ಕೇಳೇ ಮಾಡಿದೀನಿ."

"ಯಾರನ್ನ ಕೇಳಿದ್ದೆ?"

ಭಾಯಿ ಏಣಿ ಇಳಿದು ನನ್ನ ಹತ್ತಿರ ಬಂದ. ಸಮಾಧಾನವಾಗಿಯೇ ಹೇಳಿದ. "ಕಂಡಕ್ಟ್ರೇ, ಆ ಕಾರ್ಡು ಒಂದು ಸಲ ತರ್ರಿ."

ಬೀದಿಯವರೆಲ್ಲ ನನ್ನ ಕಡೆ ತಿರುಗಿದರು. ಆ ಕಾರ್ಡನ್ನು ತಂದರೆ, ಅದರಲ್ಲಿ ಕುಂಬಳಕಾಯಿಯೂ ಕೆಂಪು ಗೆರೆಯೂ ಬೇರೆ ಬೇರೆ ಕಾಣುತ್ತಿದ್ದವು. ಅದನ್ನು ಇಟ್ಟುಕೊಂಡೂ ನೋಡದೆ ಕೊರೆದವನು ನಾನು, ಹೆಂಡತಿಯ ಕೈ ಸುಟ್ಟವನು ನಾನು ಎಂದು ಅವಳ ತಮ್ಮನ ಎದುರು ಸಾಬೀತಾಗುತ್ತಿತ್ತು.

"ಯಾವ ಕಾರ್ಡು?" ಎಂದೆ.

ಅವನು ನನಗೆ ನೆನಪಾಗಲಿ ಎಂದು ಕಾಯುವವನಂತೆ ನಿಂತಿದ್ದ. "ಮದುವೆ ಕಾರ್ಡಿನ ಹಿಂದೆ ಬರೆದು ಕೊಟ್ಟಿದ್ನಲ್ರಿ. ಅಕ್ಕ ನಕ್ಕಿದ್ರು."

"ನಂಗೆ ನೀನು ಏನೂ ಕೊಟ್ಟಿಲ್ಲ ಭಾಯಿ."

ಭಾಮೈದ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಬೀದಿಗೆ ತಳ್ಳಿದ. ಯಾರೋ ಬಿಡಿಸಿದರು. ನಾನು ಬಿಡಿಸಲಿಲ್ಲ. ಭಾಯಿ ಚೀಲ ಎತ್ತಿಕೊಂಡ. ಹೋಗುವ ಮುಂಚೆ, "ಆ ಲೈನು ಕಟ್ ಮಾಡಿದೀನಿ, ಮನೆಗೆ ಕರೆಂಟು ಹಾಕ್ಕೋಬೋದು" ಎಂದು ಹೇಳಿ ಹೋದ. ಅವನು ಬೇರೆ ಜನ ಎಂಬುದು ನನ್ನ ಸುಳ್ಳಿಗೆ ಅನುಕೂಲವಾಯಿತು. ನಮ್ಮವನೇ ಆದ ಗಾರೆಯವನ ಮೇಲೆ ಹಾಗೆ ಹೇಳಿದ್ದರೆ ಬೀದಿಯವರು ಇನ್ನೊಂದು ಮಾತು ಕೇಳುತ್ತಿದ್ದರು. ಇವನ ವಿಷಯದಲ್ಲಿ ಯಾರೂ ಕೇಳಲಿಲ್ಲ.

ಅಂದು ಟ್ರಂಕು ತೆಗೆದು ಕಾರ್ಡನ್ನು ಹರಿಯಲು ಹೋದೆ. ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಗಣಪತಿ, ಅರಿಶಿನ ಹಚ್ಚಿದ ಮೂಲೆಗಳು, ಯಾರದೋ ಮದುವೆ. ಮದುವೆಯ ಕಾರ್ಡು ಹರಿಯಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಅಷ್ಟಕ್ಕೇ ಹರಿಯಲಿಲ್ಲ. ತಳಕ್ಕೆ ಹಾಕಿದ ಕಾಗದದ ಅಡಿಯಲ್ಲಿ ಸೇರಿಸಿದೆ. ಹೆಂಡತಿ ಆಸ್ಪತ್ರೆಯಿಂದ ಬಂದು ಕೇಳಿದಾಗ, ಎಲ್ಲೋ ಕಳೆದುಹೋಗಿದೆ ಎಂದೆ.

ಮತ್ತೆ ಕೆಲಸಕ್ಕೆ ಹೋದೆ. ಬಸ್ಸಿನಲ್ಲಿ ಎಲ್ಲರಿಗೂ ನನ್ನ ಪರಿಚಯ. "ಏನ್ರಿ ಕಂಡಕ್ಟ್ರೇ, ಮನೇಲಿ ಹಿಂಗಾತಂತೆ?" ಎಂದು ಚಿತ್ರದುರ್ಗದಲ್ಲಿ ಹತ್ತಿದವರು ಕೇಳುತ್ತಿದ್ದರು, ರಾಮಗಿರಿ ಕಡೆಯವರು ಕೇಳುತ್ತಿದ್ದರು. "ಬಾಗ್ಲು ಮ್ಯಾಲೆ ವೈರು ಎಳೆದುಬಿಟ್ಟಿದ್ದ" ಎಂದು ಹೇಳುತ್ತಾ ಟಿಕೆಟ್ ಹರಿದು ಕೊಡುತ್ತಿದ್ದೆ. ಯಾರು ಎಂದು ಅವರೇ ಹೇಳುತ್ತಿದ್ದರು. ದಿನಕ್ಕೆ ನಾಲ್ಕು ಟ್ರಿಪ್ಪು. ಒಂದು ತಿಂಗಳಲ್ಲಿ ಆ ಮಾತು ಮೂರು ತಾಲ್ಲೂಕು ತಿರುಗಿತು. ನಮ್ಮ ಸಮುದಾಯ ಭವನದ ವೈರಿಂಗ್ ಅವನಿಗೆ ಕೊಡುವುದೆಂದು ಆಗಿತ್ತು, ಬೇರೆಯವನನ್ನು ಕರೆಸಿದರು. ಮನೆ ಕಟ್ಟಿಸುತ್ತಿದ್ದವರು ಒಬ್ಬೊಬ್ಬರಾಗಿ ಅವನನ್ನು ಬಿಟ್ಟರು.

ಒಂದು ದಿನ ಚಿತ್ರದುರ್ಗದ ನಿಲ್ದಾಣದಲ್ಲಿ ಅವನು ನಮ್ಮ ಬಸ್ಸು ಹತ್ತಿದ. ಕೂರಲು ಜಾಗವಿರಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತ. ನಾನು ಹತ್ತಿರ ಬಂದಾಗ, "ಒಂದು ಹೊಳಲ್ಕೆರೆ" ಎಂದು ದುಡ್ಡು ಕೊಟ್ಟು, ತಗ್ಗಿದ ದನಿಯಲ್ಲಿ, "ಅಕ್ಕನ ಕೈ ಹೆಂಗೈತೆ?" ಎಂದ.

ಆಗ ಹೇಳಬಹುದಿತ್ತು. ಟಿಕೆಟ್ ಹರಿಯುವಷ್ಟು ಹೊತ್ತು ಸಾಕಿತ್ತು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಏನ್ ಭಾಯಿ, ಕಂಬಿ ಹಿಡಿದಿದೀಯಾ? ಅದಕ್ಕೂ ಕರೆಂಟು ಕೊಟ್ಟಿದೀಯೋ ಏನು! ಇಳಿಯೋಷ್ಟರಾಗೆ ನಮ್ಮನ್ನೆಲ್ಲ ಮ್ಯಾಲಕ್ಕೆ ಕಳಿಸೀಯಪ್ಪಾ!"

ಬಸ್ಸು ನಕ್ಕಿತು. ನಾನೂ ನಕ್ಕೆ. ಜೋರಾಗಿ ಅಲ್ಲ, ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನು ಕಂಬಿಯಿಂದ ಕೈ ತೆಗೆದ. ಹೊಳಲ್ಕೆರೆವರೆಗೆ ಏನನ್ನೂ ಹಿಡಿಯದೆ, ಕಾಲು ಅಗಲಿಸಿಕೊಂಡು, ತಿರುವು ಬಂದಾಗಲೆಲ್ಲ ಮೈ ಬಾಗಿಸುತ್ತಾ ನಿಂತೇ ಬಂದ. ನಾನು ಅವನ ಪಕ್ಕದಲ್ಲೇ ಎರಡು ಸಲ ಓಡಾಡಿದೆ.

ಆ ವರ್ಷವೇ ಅವನು ಸಂಸಾರ ಕಟ್ಟಿಕೊಂಡು ಹಿರಿಯೂರಿಗೆ ಹೋದ. ಅಳಿಯನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಮಾಡುತ್ತಾನೆ ಎಂದು ಕೇಳಿದೆ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ನಿದ್ದೆ ಬಂತು, ಊಟ ಸೇರಿತು. ಭಾಮೈದ ತೀರಿಕೊಂಡ. ನಾವು ಮತ್ತೆ ಆ ಬಾಗಿಲಿಗೆ ಕುಂಬಳಕಾಯಿ ಕಟ್ಟಲಿಲ್ಲ. ಜಗಲಿಯ ದೀಪವನ್ನೂ ಹಾಕಿಸಲಿಲ್ಲ. ಯಾರೂ ಕೇಳಲಿಲ್ಲ.

ಈ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಜಗಲಿಯ ದೀಪ ಸರಿಮಾಡಿಸೋಣ ಎಂದು ಹೊಸ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆವು. ಅವನು ಬೋರ್ಡುಗಳನ್ನು ಬಿಚ್ಚಿ ನೋಡಿ, "ಯಾರ್ರಿ ಇದನ್ನ ಮಾಡಿದ್ದು? ಇಷ್ಟು ವರ್ಷ ಆದ್ರೂ ಒಂದು ಜಾಯಿಂಟು ಸಡಿಲಾಗಿಲ್ಲ. ಬಾಗ್ಲು ಮ್ಯಾಲೆ ಪೈಪು ಯಾವ ಕಡೆ ಹೋಗೈತೋ ಗೊತ್ತಾದ್ರೆ ಗೋಡೆ ಒಡೆಯೋದು ತಪ್ತಿತ್ತು" ಎಂದ. ನಾನು ಒಳಗೆ ಹೋಗಿ, ಟ್ರಂಕಿನ ತಳದ ಕಾಗದ ಎತ್ತಿ ಕಾರ್ಡು ತಂದು ಅವನ ಕೈಗೆ ಕೊಟ್ಟೆ. ಯೋಚನೆ ಮಾಡಿ ಕೊಟ್ಟದ್ದಲ್ಲ. ಕೇಳಿದ, ಕೊಟ್ಟೆ.

ಅವನು ಕೆಲಸ ಮುಗಿಸಿ ಹೋದ ಮೇಲೆ ಕಾರ್ಡು ಜಗಲಿಯ ಮೇಲೆ ಇತ್ತು. ಹೆಂಡತಿ ಎಡಗೈಯಲ್ಲಿ ಎತ್ತಿಕೊಂಡು ನೋಡಿದಳು.

"ಕುಂಬಳಕಾಯಿಗೆ ತೊಟ್ಟು ಬೇರೆ ಬರೆದಿದ್ದ" ಎಂದಳು. ಆಮೇಲೆ, "ಇದು ಅವತ್ತು ಎಲ್ಲಿತ್ತು?"

"ಟ್ರಂಕಿನಾಗೆ."

"ನಿಮಗೆ ಗೊತ್ತಿತ್ತಾ?"

"ಹೂಂ."

ಅವಳು ಕಾರ್ಡನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಬಡಿಸುವಾಗ, "ನನ್ನ ಕೈ ಬಿಡ್ರಿ, ಅದು ಹೋತು. ಅವನ ಹತ್ರ ಹೋಗಿ ತಪ್ಪಾತು ಅಂತ ಹೇಳಿ ಬರ್ರಿ. ಅಷ್ಟು ಮಾಡ್ರಿ" ಎಂದಳು. ಅವಳು ನನ್ನನ್ನು ಬೇರೇನೂ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಬರೆಯಬೇಕೆನ್ನಿಸುತ್ತದೆ, ಆದರೆ ಆಗ ನನಗೆ ಹಾಗೂ ಅನ್ನಿಸಲಿಲ್ಲ.

ಹಿರಿಯೂರಿಗೆ ಹೋದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವನು ಗೋಣಿಚೀಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಓಹೋ, ಕಂಡಕ್ಟ್ರು! ಬರ್ರಿ, ಕುಂತ್ಕಳ್ರಿ. ಬಸ್ಸು ಬಿಟ್ಟು ಇಳಿದುಬಿಟ್ರಾ?"

"ಬಿಟ್ಟು ಎಂಟು ವರ್ಷ ಆತು."

"ಅಕ್ಕನ ಕೈ?"

"ಹಂಗೇ ಐತೆ."

ಅವನು ತಲೆ ಅಲ್ಲಾಡಿಸಿದ. ನಾನು ಜೇಬಿನಿಂದ ಕಾರ್ಡು ತೆಗೆದು ಕೊಟ್ಟೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದೆ. ಮೂರೇ ಮಾತು ಇದ್ದವು. ಅವನು ಕಾರ್ಡನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ.

"ಇಟ್ಟಿದ್ರಾ" ಎಂದ. ಪ್ರಶ್ನೆಯಲ್ಲ. ಆಮೇಲೆ ಪೆನ್ನು ತೆಗೆದುಕೊಂಡು, "ಆದ್ರೆ ಇದು ಈಗ ತಪ್ಪೈತ್ರಿ. ಬಾಗ್ಲು ಅಗಲ ಆಗೈತಲ್ಲ" ಎಂದು ಹಳೆಯ ಬಾಗಿಲ ಬಲಗೆರೆಯನ್ನು ಹೊಡೆದು ಹಾಕಿ, ಆಚೆಗೆ ಹೊಸ ಗೆರೆ ಎಳೆದ. "ಕುಂಬಳಕಾಯಿ ಈಗ ಎಲ್ಲಿ ಕಟ್ತೀರಿ?"

"ಕಟ್ಟಲ್ಲ. ಬಿಟ್ಟೀವಿ."

"ಛೆ, ಬಾಗ್ಲು ಬರಿದು ಬಿಡಬ್ಯಾಡ್ರಿ. ಗೋಡೆಗೆ ಬ್ಯಾಡ, ಮರದ ಚೌಕಟ್ಟಿಗೇ ಕೊಕ್ಕೆ ಹಾಕ್ರಿ. ಅಲ್ಲಿ ವೈರಿಲ್ಲ. ಮತ್ತೆ ತಂತಿ ಗಿಂತಿ ಕಟ್ಟಬ್ಯಾಡ್ರಿ, ಹಗ್ಗನೇ ಸಾಕು." ಹೇಳುತ್ತಲೇ ಹಳೆಯ ಕುಂಬಳಕಾಯಿಯ ಮೇಲೆ ಅಡ್ಡ ಗೆರೆ ಎಳೆದು, ಕೆಳಗೆ ಚೌಕಟ್ಟಿನ ನಡುವೆ ಇನ್ನೊಂದನ್ನು ಬರೆದ. ಅದಕ್ಕೂ ತೊಟ್ಟು ಬರೆದ. ಕಾರ್ಡು ನನ್ನ ಕೈಗೆ ಕೊಟ್ಟು, ನಾನು ಏನೋ ಹೇಳುತ್ತೇನೆಂದು ಕಾಯುವವನಂತೆ ಕೂತ. ಅವತ್ತು ಬಾಗಿಲಲ್ಲಿ ನಿಂತಿದ್ದನಲ್ಲ, ಹಾಗೆಯೇ.

ಚಹಾ ಬಂತು. ಕುಡಿದೆ. ಮಳೆ ಬಗ್ಗೆ ಮಾತಾಡಿದೆ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದೆ. "ಆಗ್ಲಿ, ಹೋಗ್ಬರ್ರಿ" ಎಂದು ಅವನು ಮತ್ತೆ ತಂತಿ ಹಿಡಿದ.

ಮನೆಗೆ ಬಂದಾಗ ಹೆಂಡತಿ ಗ್ರಿಲ್ ತೆಗೆದಳು. "ಹೇಳಿದ್ರಾ?"

"ಹೂಂ" ಎಂದೆ.

"ಏನಂದ?"

"ಏನೂ ಅನ್ಲಿಲ್ಲ. ಕುಂಬಳಕಾಯಿ ಕಟ್ರಿ ಅಂದ."

ಅವಳು ಅಷ್ಟನ್ನೇ ನಂಬಿದಳು. ಅವಳ ಮುಖ ಹಗುರಾಯಿತು. ಈ ಅಮಾವಾಸ್ಯೆಗೆ ಅವನು ಬರೆದ ಜಾಗದಲ್ಲೇ ಕೊಕ್ಕೆ ಹಾಕಿ, ಹಗ್ಗದಲ್ಲಿ ಕುಂಬಳಕಾಯಿ ಕಟ್ಟಿದೆ. ಅವಳು ಎಷ್ಟೋ ವರ್ಷಗಳ ಮೇಲೆ ಜಗಲಿಯ ದೀಪ ಹಾಕಿ, ಗ್ರಿಲ್ಲನ್ನು ಬಲಗೈಯಲ್ಲೇ ತಳ್ಳಿ ರಂಗೋಲಿಗೆ ಹೋದಳು.

ನಾನು ಅವನಿಗೆ ಹೇಳಿಲ್ಲ. ಅವಳು ಇದನ್ನು ಓದುತ್ತಾಳೆ, ಓದಲೆಂದೇ ಬರೆದಿದ್ದೇನೆ. ಭಾಮೈದನಿಗೆ ಹೇಳಲಿಲ್ಲ ಎಂಬುದು ಬೇರೆ. ಇವಳಿಗೆ ಈಗ ಹೇಳಿದಂತಾಯಿತು. ಇದುವರೆಗೂ ನಾನು ತಪ್ಪಾಯಿತು ಎಂದು ಹೇಳದಿರುವ ಮನುಷ್ಯ, ಕಂಬಿ ಬಿಟ್ಟು ಹೊಳಲ್ಕೆರೆವರೆಗೆ ನಿಂತು ಬಂದವನು, ನಮ್ಮ ಬಾಗಿಲಿಗೆ ಎರಡು ಸಲ ಕುಂಬಳಕಾಯಿಯ ಜಾಗ ಗುರುತು ಮಾಡಿಕೊಟ್ಟವನು, ವೈರಿಂಗ್ ಭಾಯಿ.